ಮೂರು ಮಡಿಕೆಯ ಲಂಗ

ಸೆಪ್ಟೆಂಬರ್ 27, ಶನಿವಾರ

ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ. ಬೋರ್ಡಿಂಗ್ ಸ್ಕೂಲಿನಲ್ಲಿ ಪ್ರತಿ ಭಾನುವಾರ ಮನೆಗೆ ಕಾಗದ ಬರೆಸುತ್ತಿದ್ದರು, ಇಂಗ್ಲಿಷಿನಲ್ಲಿ. ವಾರ್ಡನ್ ಅದನ್ನು ಓದಿ ಕೆಂಪು ಇಂಕಿನಲ್ಲಿ ತಿದ್ದಿದ ಮೇಲೇ ಲಕೋಟೆ ಅಂಟಿಸಬೇಕು. ನಾನು ಯಾವಾಗಲೂ ಸಾರಿಯಿಂದಲೇ ಶುರು ಮಾಡುತ್ತಿದ್ದೆ. ಅಕ್ಷರ ಸೊಟ್ಟಗಿರುವುದಕ್ಕೆ ಸಾರಿ, ಹೇಳುವುದಕ್ಕೆ ಏನೂ ಇಲ್ಲದ್ದಕ್ಕೆ ಸಾರಿ. ಈಗಲೂ ಒಂದು ಮೆಸೇಜ್ ಕಳಿಸಬೇಕಾದರೆ ಮೊದಲು ಕಾಗದದ ಮೇಲೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಆಮೇಲೆ ಫೋನಿನಲ್ಲಿ ಟೈಪ್ ಮಾಡುತ್ತೇನೆ. ಕಾಲೇಜಿನ ಮೀನಾಗೆ ಇದು ಗೊತ್ತಾದರೆ ನಕ್ಕು ಸಾಯುತ್ತಾಳೆ.

ಈ ನೋಟ್‌ಬುಕ್ಕಿಗೆ ಕಾರಣ ನಮ್ಮ ಕನ್ನಡ ಲೆಕ್ಚರರ್. "ನಿನ್ನ ಕನ್ನಡ ಅರ್ಧ ದಾರಿಯಲ್ಲಿ ಬಸ್ ಇಳಿದುಬಿಡುತ್ತಮ್ಮ," ಅಂದರು. "ದಿನಾ ಒಂದು ಪುಟ ಬರಿ. ಯಾರಿಗೂ ತೋರಿಸ್ಬೇಡ, ನನಗಂತೂ ಬೇಡವೇ ಬೇಡ."

ಸರಿ. ನಾನು ಮೈತ್ರಿ. ಬಿಎಸ್ಸಿ ಮೊದಲ ವರ್ಷ, ಬಸವನಗುಡಿಯ ಕಾಲೇಜು. ಜುಲೈಯಿಂದ ಚಾಮರಾಜಪೇಟೆಯಲ್ಲಿ ಅಪ್ಪನ ಮನೆಯಲ್ಲಿದ್ದೇನೆ. ನನಗೆ ಏಳು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು, ಮರುವರ್ಷ ನಾನು ಬೆಟ್ಟದ ಮೇಲಿನ ಸ್ಕೂಲಿಗೆ ಹೋದೆ, ಅದರ ಮರುವರ್ಷ ಅಪ್ಪ ಕೋಕಿಲಾ ಆಂಟಿಯನ್ನು ಮದುವೆಯಾದರು. ಎಲ್ಲರೂ "ಚಿಕ್ಕಮ್ಮ ಅನ್ನು" ಅನ್ನುತ್ತಾರೆ. ನನಗೆ ಬಾಯಿ ಬರುವುದಿಲ್ಲ. ಅವರ ಮಗಳು ಗೌತಮಿಗೆ ಆರು ವರ್ಷ. ಪಕ್ಕದ ಮನೆಯಲ್ಲೂ ಒಬ್ಬ ಅಕ್ಕ ಇರುವುದರಿಂದ ಅವಳು ನನ್ನನ್ನು "ಹಾಸ್ಟೆಲ್ ಅಕ್ಕ" ಅನ್ನುತ್ತಾಳೆ. ಸರಿಯಾಗಿಯೇ ಇದೆ. ಬಂದ ವಾರವೇ ಕಾಲೇಜಿನ ಲೇಡೀಸ್ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದೇನೆ. ವೇಟಿಂಗ್ ಲಿಸ್ಟಿನಲ್ಲಿ ನಾನು ಮೊದಲನೆಯವಳು, ನನ್ನ ಹಿಂದೆ ಮೀನಾ. ಅಪ್ಪನಿಗೆ ಹೇಳಿದ್ದೇನೆ. "ನಿಂಗೆ ಹೆಂಗೆ ಸರಿ ಅನ್ಸುತ್ತೋ," ಅಂದರು. ಅಪ್ಪ ಎಲ್ಲದಕ್ಕೂ ಅದನ್ನೇ ಹೇಳುತ್ತಾರೆ.

ಅವರ ಮನೆಯಲ್ಲಿ ಯಾರೂ ನನಗೆ ಏನೂ ಕೆಟ್ಟದ್ದು ಮಾಡಿಲ್ಲ. ಅದೇ ಕಷ್ಟ. ಟವೆಲ್ಲು ಎಲ್ಲಿ ಒಣಗಿಸಬೇಕು, ಫ್ರಿಜ್ಜು ಕೇಳದೆ ತೆಗೆಯಬಹುದೇ, ಒಂದನ್ನೂ ಯಾರೂ ಹೇಳುವುದಿಲ್ಲ. ಹಾಸ್ಟೆಲ್ಲಿನಲ್ಲಿ ರೂಲ್ಸ್ ಬರೆದು ಗೋಡೆಗೆ ಅಂಟಿಸಿರುತ್ತಾರೆ.

ಇವತ್ತಿನ ಸುದ್ದಿ: ಆಂಟಿ ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೊಣಕೈವರೆಗೆ ಪ್ಲಾಸ್ಟರ್. ಆಸ್ಪತ್ರೆಯಿಂದ ಬಂದವರು ಮೊದಲು ಹೇಳಿದ್ದು, "ಅಯ್ಯೋ, ಗೌತಮಿ ದೀಪಾವಳಿ ಲಂಗ ಇನ್ನು ಹೊಲಿಯೋರು ಯಾರು?"

ಅಜ್ಜಿ, ಅಂದರೆ ಅಪ್ಪನ ಅಮ್ಮ, ತ್ಯಾಗರಾಜನಗರದಲ್ಲಿರುವ ಅತ್ತೆ ಮನೆಗೆ ಹೋಗಿದ್ದಾರೆ. ಅಡುಗೆ ಅಪ್ಪ ಮಾಡುತ್ತಾರಂತೆ. ಅನ್ನ ಸ್ವಲ್ಪ ಮುದ್ದೆಯಾಗಿತ್ತು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಅಪ್ಪ ಸ್ಕೂಟರ್ ತೊಳೆದರು, ಗೌತಮಿ ಸ್ಕೂಟರನ್ನೂ ತನ್ನನ್ನೂ ತೊಳೆದುಕೊಂಡಳು. ಹೊಲಿಗೆ ಮಿಷನ್ನಿಗೂ ಪೂಜೆ. ಅದು ಕೈಯಲ್ಲಿ ತಿರುಗಿಸುವ ಹಳೇ ಮಿಷನ್, ಕಪ್ಪಗೆ ಹೊಳೆಯುತ್ತದೆ, ಚಕ್ರಕ್ಕೆ ಸೇವಂತಿಗೆ ಹಾರ. ಆಂಟಿ ಎಡಗೈಯಲ್ಲಿ ಕುಂಕುಮ ಇಡುತ್ತಾ, "ನಿಂದೂ ಏನಾದ್ರೂ ಇಡು ಮೈತ್ರಿ," ಅಂದರು. ಈ ಮನೆಯಲ್ಲಿ ನನ್ನದು ಅನ್ನುವುದು ಏನಿದೆ ಎಂದು ಯೋಚಿಸಿ ಕ್ಯಾಲ್ಕುಲೇಟರ್ ಇಟ್ಟೆ. ಅವರು ಅದರ ಸೋಲಾರ್ ಪಟ್ಟಿಯ ಮೇಲೇ ದೊಡ್ಡ ಬೊಟ್ಟು ಇಟ್ಟರು. ಈಗ ಅದು ಕಿಟಕಿ ಹತ್ತಿರ ಮಾತ್ರ ಕೆಲಸ ಮಾಡುತ್ತದೆ.

ಲಂಗದ ವಿಷಯ. ದರ್ಜಿಗಳೆಲ್ಲ ದೀಪಾವಳಿ ಆರ್ಡರ್ ನಿಲ್ಲಿಸಿದ್ದಾರೆ. ರೆಡಿಮೇಡ್ ತಂದುಬಿಡೋಣ ಎಂದು ಅಪ್ಪ ಹೇಳಿದಾಗ ಆಂಟಿ "ಹೂಂ" ಅಂದರು, ಆದರೆ ಅದು ಬೇಡ ಅನ್ನುವ ಹೂಂ. ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು:

"ನಾನು ಹೊಲೀತೀನಿ. ಸ್ಕೂಲಲ್ಲಿ ಕಲಿಸಿದ್ರು."

ಕಲಿಸಿದ್ದು ದಿಂಬಿನ ಕವರ್ ಮತ್ತು ಏಪ್ರನ್. ಇದನ್ನು ಹೇಳಲಿಲ್ಲ.

ಹಾಸ್ಟೆಲ್ಲಿಗೆ ಹೋಗುವ ಮೊದಲು ಇವರಿಗೆ ಒಂದು ಕೆಲಸ ಮಾಡಿಕೊಟ್ಟು ಹೋದ ಹಾಗಾಗುತ್ತದೆ. ಋಣ ಇಟ್ಟುಕೊಳ್ಳಬಾರದು.

ಅಕ್ಟೋಬರ್ 4, ಶನಿವಾರ

ಚಿಕ್ಕಪೇಟೆಗೆ ಹೋಗಿದ್ದೆವು, ಆಂಟಿ, ಗೌತಮಿ, ನಾನು. ಆ ಗಲ್ಲಿಗಳಲ್ಲಿ ಪ್ಲಾಸ್ಟರ್ ಕೈ ಇದ್ದರೆ ಅನುಕೂಲ, ಮೂಟೆ ಹೊತ್ತವರೂ ದಾರಿ ಬಿಡುತ್ತಾರೆ. ಗೌತಮಿ ನನ್ನ ಚೂಡಿದಾರದ ತುದಿಯನ್ನು ಹಿಡಿದುಕೊಂಡಿದ್ದಳು, ಕೈ ಹಿಡಿಯಲಿಲ್ಲ. ನಾನೂ ಕೊಡಲಿಲ್ಲ.

ಅಂಗಡಿಯವರು ಗಾದಿಯ ಮೇಲೆ ಥಾನು ಥಾನು ಬಿಚ್ಚಿದರು. ಗೌತಮಿಗೆ ಎಲ್ಲ ಬೇಕು. ಕೊನೆಗೆ ಗಿಳಿಹಸಿರು ಬಟ್ಟೆ, ಕೆಂಪು ಅಂಚು. "ತುಂಡು ಇದೊಂದೇ ಉಳಿದಿರೋದು ಮೇಡಂ, ಈ ಕಲರ್ ಮತ್ತೆ ಬರಲ್ಲ," ಅಂದರು. ಎಲ್ಲ ಅಂಗಡಿಯವರೂ ಹಾಗೇ ಹೇಳುತ್ತಾರೆ ಎಂದುಕೊಂಡೆ.

ಮನೆಗೆ ಬಂದ ಮೇಲೆ ಆಂಟಿ ಮಿಷನ್ನಿನ ಪೆಟ್ಟಿಗೆಯಿಂದ ಸುರುಳಿ ಸುತ್ತಿದ ನ್ಯೂಸ್‌ಪೇಪರ್ ತೆಗೆದುಕೊಟ್ಟರು. ಪೇಪರಿನಲ್ಲಿ ಕತ್ತರಿಸಿದ ಪ್ಯಾಟರ್ನ್. ರವಿಕೆಯ ಮುಂಭಾಗ, ಹಿಂಭಾಗ, ತೋಳು, ಲಂಗದ ಉದ್ದಕ್ಕೆ ಒಂದು ಪಟ್ಟಿ. ಹಳದಿಯಾಗಿದೆ. ಹೊಟ್ಟೆಯ ಜಾಗದಲ್ಲಿ ಅರ್ಧ ಪ್ರೆಷರ್ ಕುಕ್ಕರ್ ಜಾಹೀರಾತು. ಮೂಲೆಯಲ್ಲಿ ನೀಲಿ ಪೆನ್ನಿನಲ್ಲಿ "ಮೈತು, 7" ಎಂದಿದೆ.

"ನಿಮ್ಮಮ್ಮ ಕತ್ತರಿಸಿದ್ದು," ಅಂದರು ಆಂಟಿ. "ಗೌತು ಆ ಅಳತೆಗೆ ಬರ್ಲಿ ಅಂತ ಇಟ್ಟಿದ್ದೆ. ಈ ವರ್ಷ ಬಂದಿದಾಳೆ."

ಅಮ್ಮನ ಅಕ್ಷರ ನಾನು ನೋಡಿದ್ದು ಕಡಿಮೆ. ಅವಳ 'ಮೈ' ಅಕ್ಷರಕ್ಕೆ ಬಾಲ ಉದ್ದ.

ಅಕ್ಟೋಬರ್ 5, ಭಾನುವಾರ

ಕತ್ತರಿಸಿದೆ.

ಅಪ್ಪ, ಆಂಟಿ ಕೈ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ಅವರು ನೋಡುತ್ತಿದ್ದರೆ ನನ್ನ ಕತ್ತರಿ ನೇರ ಹೋಗುವುದಿಲ್ಲ, ಅದಕ್ಕೇ ಈ ಹೊತ್ತು ಆರಿಸಿಕೊಂಡೆ. ಹಾಲ್ ಗುಡಿಸಿ, ಚಾಪೆ ಹಾಸಿ, ಬಟ್ಟೆ ಹರಡಿದೆ. ಗೌತಮಿಯನ್ನು ಗೋಡೆಗೆ ನಿಲ್ಲಿಸಿ ಸೊಂಟದಿಂದ ಹಿಮ್ಮಡಿಯವರೆಗೆ ಟೇಪ್ ಹಿಡಿದೆ.

"ಕಚಗುಳಿ ಆಗುತ್ತೆ."

"ಅಲ್ಲಾಡ್ಬೇಡ."

"ನೀನು ಹಾಸ್ಟೆಲ್‌ಗೆ ಹೋದ್ಮೇಲೆ ಈ ಟೇಪ್ ತಗೊಂಡ್ ಹೋಗ್ತೀಯಾ?"

"ಇಲ್ಲ. ಇದು ನಿಮ್ಮದು."

"ಹಂಗಾದ್ರೆ ಸರಿ," ಅಂದಳು.

ಅಮ್ಮನ ಪಟ್ಟಿಯನ್ನು ಇಟ್ಟು ನೋಡಿದರೆ ಗೌತಮಿಯ ಉದ್ದಕ್ಕಿಂತ ಒಂದು ಗೇಣಿನಷ್ಟು ಜಾಸ್ತಿ. ಎರಡು ಸಲ ಅಳೆದೆ. ಗೌತಮಿಗೆ ಹೋಲಿಸಿದರೆ ನಾನೇನು ಎತ್ತರದ ಮಗುವಲ್ಲ, ಫೋಟೋದಲ್ಲಿ ಗೊತ್ತಾಗುತ್ತದೆ. ಪಟ್ಟಿಯ ಕೆಳಭಾಗದಲ್ಲಿ ಜೋಡಿ ಜೋಡಿ ಚುಕ್ಕೆಗೆರೆಗಳಿವೆ, ಎಳೆದು ಎಳೆದು ಮನಸ್ಸು ಬದಲಾಯಿಸಿದ ಹಾಗೆ. ಅಮ್ಮನಿಗೆ ಅಳತೆ ಅಷ್ಟು ಸರಿಯಾಗಿ ಬರುತ್ತಿರಲಿಲ್ಲವೇನೋ. ಸ್ವಲ್ಪ ಪಾಪ ಅನಿಸಿತು. ಕಾಗದ ಕತ್ತರಿಸಲು ಮನಸ್ಸಾಗಲಿಲ್ಲ, ಹೆಚ್ಚಾದದ್ದನ್ನು ಹಿಂದಕ್ಕೆ ಮಡಿಚಿ, ಬಟ್ಟೆಯನ್ನು ಸರಿಯಾದ ಉದ್ದಕ್ಕೆ ಕತ್ತರಿಸಿದೆ. ಅಂಚು ಕೆಳಗೆ ಉಳಿಯುವ ಹಾಗೆ ಮೇಲುಗಡೆಯಿಂದ. ಸ್ಕೂಲಿನಲ್ಲಿ ಯೂನಿಫಾರ್ಮ್ ಪ್ರತಿ ಜೂನಿನಲ್ಲಿ ಕೊಡುತ್ತಿದ್ದರು, ಇಂಚಿಗೆ ಇಂಚು. ಸಡಿಲ ಇದ್ದರೆ ವಾಪಸ್.

ಆಂಟಿ ಬಂದು ಬಾಗಿಲಲ್ಲೇ ನಿಂತರು. ಚಾಪೆಯ ಮೇಲೆ ಬಿದ್ದಿದ್ದ ಹಸಿರು ಪಟ್ಟಿಯನ್ನು ನೋಡಿದರು. ಆಮೇಲೆ ಅಪ್ಪನ ಹತ್ತಿರ ನೀರು ಕೇಳಿ ಕುಡಿದರು.

"ಎಷ್ಟು ನೇರ ಕತ್ತರಿಸಿದೀಯ," ಅಂದರು. "ನನಗೆ ಯಾವತ್ತೂ ಇಷ್ಟು ನೇರ ಬಂದಿಲ್ಲ."

ಉಳಿದ ಪಟ್ಟಿ ಗೌತಮಿ ಪಾಲು. ಅವಳ ಗೊಂಬೆಗೂ ದೀಪಾವಳಿಯಂತೆ. ಗೊಂಬೆಗೆ ಲಂಗ, ಅವಳಿಗೆ ಎರಡು ರಿಬ್ಬನ್. ಒಂದು ಚೂರೂ ವೇಸ್ಟ್ ಆಗಲಿಲ್ಲ.

ಅಕ್ಟೋಬರ್ 7, ಮಂಗಳವಾರ

ಫಿಸಿಕ್ಸ್ ಇಂಟರ್ನಲ್ಸ್ ಕೆಟ್ಟಿತು. ಕ್ಯಾಲ್ಕುಲೇಟರ್ ಮಧ್ಯದಲ್ಲಿ ಆರಿಹೋಯಿತು, ಕಿಟಕಿ ದೂರ ಇತ್ತು. ಕುಂಕುಮ ಕೆರೆದು ತೆಗೆಯಬಹುದಿತ್ತು. ಯಾಕೋ ತೆಗೆಯಲಿಲ್ಲ.

ಅಕ್ಟೋಬರ್ 9, ಗುರುವಾರ

ರವಿಕೆ ಆಯಿತು. ತೋಳನ್ನು ಒಮ್ಮೆ ತಿರುಗಾಮುರುಗಾ ಕೂರಿಸಿ ಬಿಚ್ಚಿದೆ. ಈಗ ಲಂಗದ ನೆರಿಗೆ.

ಕೈಮಿಷನ್ನಿನ ತೊಂದರೆ ಏನೆಂದರೆ ಒಂದು ಕೈ ತಿರುಗಿಸುವುದಕ್ಕೇ ಬೇಕು. ನೆರಿಗೆ ಹಿಡಿಯಲು ಎರಡೂ ಕೈ ಬೇಕು. ಅದಕ್ಕೆ ಹಿಡಿಕೆ ತಿರುಗಿಸುವ ಕೆಲಸ ಗೌತಮಿಗೆ. "ನಿಧಾನ" ಅಂದರೆ ನಿಧಾನ, "ಸ್ಟಾಪ್" ಅಂದರೆ ಸ್ಟಾಪ್. ಅವಳು ಬಿಎಂಟಿಸಿ ಕಂಡಕ್ಟರ್ ಆದಳು.

"ರೈಟ್ ರೈಟ್. ಉಪ್ಪಾರಪೇಟೆ, ಮೆಜೆಸ್ಟಿಕ್. ಯಾರ್ರೀ ಅದು, ಟಿಕೆಟ್ ತಗೊಂಡ್ರಾ?"

"ಪಾಸ್ ಇದೆ."

"ಸ್ಟೂಡೆಂಟ್ ಪಾಸಾ? ತೋರ್ಸಿ. ಇದು ಹಾಸ್ಟೆಲ್ ಪಾಸು, ಇಲ್ಲಿ ನಡ್ಯಲ್ಲ, ಇಳೀರಿ."

"ಇಳಿದ್ರೆ ನಿನ್ನ ಲಂಗ ಹೊಲಿಯೋರು ಯಾರು?"

ಅವಳು ಮತ್ತೆ ಹಿಡಿಕೆ ಹಿಡಿದು, "ಸರಿ, ಕೂತ್ಕೊಳ್ಳಿ," ಅಂದಳು.

ಆಂಟಿ ಮಂಚದ ಮೇಲೆ ಎಡಗೈಯಲ್ಲಿ ಹುರುಳಿಕಾಯಿ ಮುರಿಯುತ್ತಾ ನಮ್ಮನ್ನೇ ನೋಡುತ್ತಿದ್ದರು. ಕಣ್ಣು ಎತ್ತಿದರೆ ಹುರುಳಿಕಾಯಿ ನೋಡುತ್ತಾರೆ.

ಮೀನಾ ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು ಹೋಗುತ್ತಾಳೆ. ಇವತ್ತು ಲ್ಯಾಬಿನಲ್ಲಿ ನಿಂತುಕೊಂಡೇ ತೂಕಡಿಸುತ್ತಿದ್ದಳು. "ಹಾಸ್ಟೆಲ್ ಸೀಟು ಖಾಲಿ ಆದ್ರೆ ನಿಂಗೇ ಮೊದ್ಲು ಅಲ್ವಾ. ಹೋಗಲ್ಲ ಅಂತ ಏನಾದ್ರೂ ತಲೆ ಕೆಟ್ರೆ ನಂಗೆ ಹೇಳು ಗುರು," ಅಂದಳು. ತಲೆ ಯಾಕೆ ಕೆಡುತ್ತೆ ಅಂದೆ.

ಅಕ್ಟೋಬರ್ 12, ಭಾನುವಾರ

ಲಂಗ ಮುಗಿಯಿತು, ತೊಡಿಸಿದೆ, ಸರಿಯಾಗಿ ಕೂತಿತು. ಕೆಂಪು ಅಂಚು ಹಿಮ್ಮಡಿಗೆ ತಾಗಿಯೂ ತಾಗದ ಹಾಗೆ. ಗೌತಮಿ ತಿರುಗಿದಾಗ ನೆರಿಗೆಗಳೆಲ್ಲ ಛತ್ರಿಯಂತೆ ಎದ್ದು ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದವು. ಅಪ್ಪ ಪೇಪರ್ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಆಂಟಿ, "ತುಂಬಾ ಚೆನ್ನಾಗಿದೆ," ಅಂದರು.

ಅಷ್ಟರಲ್ಲಿ ಅಜ್ಜಿ ಬಂದರು, ಆಟೋದವನ ಜೊತೆ ಜಗಳ ಮುಗಿಸಿಕೊಂಡು. ನಮ್ಮಜ್ಜಿ ಅಂಜಮ್ಮ ಬಂದರೆಂದು ಬೀದಿಗೇ ಗೊತ್ತಾಗುತ್ತದೆ. ಕೈಚೀಲ ಇಳಿಸದೆಯೇ ಗೌತಮಿಯನ್ನು ಹತ್ತಿರ ಎಳೆದು, ಲಂಗದ ಕೆಳಭಾಗವನ್ನು ಬೆರಳಲ್ಲಿ ಸವರಿ ಸವರಿ ನೋಡಿದರು. ಅವರಿಗೆ ಕಣ್ಣು ಮಂಜು, ಎಲ್ಲವನ್ನೂ ಬೆರಳಲ್ಲೇ ಓದುತ್ತಾರೆ.

"ಮಡಿಕೆ ಎಲ್ಲಿ?"

ಆಂಟಿ ಅವರ ಕೈಚೀಲ ಇಸಿದುಕೊಳ್ಳಲು ಎಡಗೈ ಚಾಚಿದರು.

"ಯಾಕಮ್ಮಾ ಕೋಕಿಲಾ, ಮಡಿಕೆ ಇಲ್ದೆ ಲಂಗ ಹೊಲಿಸಿದೀಯ. ಈ ಮಗು ಇನ್ನು ಬೆಳೆಯೋದೇ ಬೇಡ್ವಾ?"

"ಅತ್ತೆ, ಬಿಡಿ. ಮುಂದಿನ ವರ್ಷಕ್ಕೆ ಮುಂದಿನ ವರ್ಷದ್ದು."

"ಬಿಡಿ ಏನು ಬಿಡಿ. ನಮ್ಮನೇಲಿ ಯಾವ ಮಗೂಗೆ ಮಡಿಕೆ ಇಲ್ದೆ ಹಬ್ಬದ ಲಂಗ ಹಾಕಿದೀವಿ? ಹೊಸ ಬಟ್ಟೆ ಇಷ್ಟಕ್ಕೇ ನಿಂತ್ಹೋಗು ಅಂತ ಹೇಳ್ದಂಗಲ್ವಾ ಅದು."

ಆಮೇಲೆ ನನಗೆ ಅರ್ಥವಾಯಿತು. ಅಮ್ಮನ ಆ ಜೋಡಿ ಚುಕ್ಕೆಗೆರೆಗಳು. ಬಟ್ಟೆಯನ್ನು ಒಳಗಡೆಗೆ ಮಡಿಚಿ ಹೊಲಿದುಬಿಡುವುದು, ಒಂದರ ಮೇಲೊಂದು ಮೂರು. ಹೊರಗೆ ಬರೀ ಒಂದು ಹೊಲಿಗೆ ಗೆರೆ ಕಾಣುತ್ತದೆ. ಮಗು ಬೆಳೆದ ಹಾಗೆ ವರ್ಷಕ್ಕೆ ಒಂದು ಬಿಚ್ಚುವುದು. ಗೇಣುದ್ದ ಜಾಸ್ತಿ ಇದ್ದದ್ದು ತಪ್ಪಲ್ಲ, ಅದೇ ಲೆಕ್ಕ.

"ಇವಳಿಗೆ ನೀನಾದ್ರೂ ಹೇಳ್ಬಾರ್ದಿತ್ತಾ?" ಎಂದು, ಹೊಲಿದದ್ದು ನಾನು ಅಂದ ಮೇಲೆ, ಅಜ್ಜಿ ಆಂಟಿಯನ್ನು ಬೈದರು. ಆಂಟಿ, "ನಾನು ಬರೋಷ್ಟೊತ್ತಿಗೆ ಕತ್ತರಿಸಾಗಿತ್ತು. ಏನೋ ಗುನುಗ್ತಾ ಕೂತಿದ್ಲು. ಹೇಳೋಕೆ ಮನಸ್ಸಾಗ್ಲಿಲ್ಲ," ಅಂದರು.

ನಾನು ಗುನುಗುವುದಿಲ್ಲ. ಗುನುಗುತ್ತೇನೆಂದು ನನಗೆ ಗೊತ್ತಿಲ್ಲ.

ಅಕ್ಟೋಬರ್ 13, ಸೋಮವಾರ

ಕಾಲೇಜಿನಿಂದ ಬಂದು ಮಲಗಿದೆ. ಗೌತಮಿ ಬಂದು ಗೊಂಬೆಯ ಲಂಗವನ್ನು ಕಳಚಿ ನನ್ನ ದಿಂಬಿನ ಹತ್ತಿರ ಇಟ್ಟು ಹೋದಳು. ಎರಡು ರಿಬ್ಬನ್ನೂ. "ಇದನ್ನ ಅಂಟಿಸು," ಅಂದಳು.

ಸಾಲುವುದಿಲ್ಲ.

ಅಕ್ಟೋಬರ್ 14, ಮಂಗಳವಾರ

ಕ್ಲಾಸ್ ಬಿಟ್ಟು ಒಬ್ಬಳೇ ಚಿಕ್ಕಪೇಟೆಗೆ ಹೋದೆ. ಅದೇ ಅಂಗಡಿ. ರಿಬ್ಬನ್ ತೋರಿಸಿ ಈ ಹಸಿರು ಬೇಕು ಅಂದೆ.

"ಆವತ್ತೇ ಹೇಳಿದ್ನಲ್ಲಮ್ಮ, ಒಂದೇ ತುಂಡು ಅಂತ."

"ಎಲ್ರೂ ಹಂಗೆ ಹೇಳ್ತಾರಲ್ವಾ ಅಂತ..."

"ಎಲ್ರೂ ಹೇಳ್ತಾರೆ. ನಾನೂ ದಿನಾ ಹೇಳ್ತೀನಿ," ಎಂದು ಅವರು ನಕ್ಕರು. "ಆವತ್ತು ಮಾತ್ರ ನಿಜ ಹೇಳಿದ್ದೆ, ನೋಡಿ ನನ್ನ ಗ್ರಹಚಾರ."

ಪಕ್ಕದ ಅಂಗಡಿಗೂ ಕಳಿಸಿದರು, ಅದರ ಪಕ್ಕದ್ದಕ್ಕೂ. ಒಂದು ಹಸಿರು ಹಳದಿಗೆ ತಿರುಗುತ್ತದೆ, ಇನ್ನೊಂದು ನೀಲಿಗೆ.

ವಾಪಸ್ ಬರುವಾಗ ಹಾಸ್ಟೆಲ್ ವಾರ್ಡನ್ ಫೋನ್. ಫೈನಲ್ ಇಯರಿನ ಒಬ್ಬಳು ಬಿಡುತ್ತಿದ್ದಾಳೆ. ಸೀಟು ನನ್ನದು. ಇಪ್ಪತ್ತೊಂದರೊಳಗೆ ಹೂಂ ಅಥವಾ ಉಹೂಂ ತಿಳಿಸಬೇಕು.

ಮೂರು ತಿಂಗಳಿಂದ ಕಾದಿದ್ದು ಇದಕ್ಕೇ. "ಥ್ಯಾಂಕ್ಯೂ ಮ್ಯಾಮ್" ಅಂದೆ. ಹೂಂ ಅನ್ನುವುದು ಮರೆತುಹೋಯಿತು. ಬಸ್ಸಿನ ಗಲಾಟೆ.

ಅಕ್ಟೋಬರ್ 15, ಬುಧವಾರ

ಸಂಜೆ ಅಜ್ಜಿ ಅಟ್ಟದ ಟ್ರಂಕ್ ಇಳಿಸಲು ಹೇಳಿದರು. "ಮಡಿಕೆ ಅಂದ್ರೆ ಏನು ಅಂತ ತೋರಿಸ್ತೀನಿ ಬಾ. ಬಿಎಸ್ಸಿ ಅಂತೆ."

ಕೆಳಗಡೆ, ಹಳೇ ಪಂಚೆಯಲ್ಲಿ ಸುತ್ತಿಟ್ಟ ನೇರಳೆ ಲಂಗ. ನನ್ನದು. ಅಮ್ಮ ಹೊಲಿದದ್ದು, ಆ ಪೇಪರ್ ಪ್ಯಾಟರ್ನಿನದ್ದೇ. ನನಗೆ ಇದರ ನೆನಪು ಇದೆಯೋ, ಫೋಟೋದ ನೆನಪೋ, ಹೇಳಲಾರೆ. ಬಟ್ಟೆ ಮಾಸಿ ಬೂದಿಯಂಥ ನೇರಳೆಯಾಗಿದೆ. ಆದರೆ ಅಂಚಿನ ಮೇಲುಗಡೆ ಎರಡು ಅಡ್ಡಪಟ್ಟೆ ಮಾತ್ರ ಕಡುನೇರಳೆ, ಮೊನ್ನೆ ಅಂಗಡಿಯಿಂದ ತಂದ ಹಾಗೆ. ಅದರ ಕೆಳಗೆ ಒಂದು ಮಡಿಕೆ ಹಾಗೇ ಇದೆ.

"ಮೂರಿರ್ಬೇಕಿತ್ತಲ್ವಾ ಅಜ್ಜಿ?"

"ಮೂರೇ ಇತ್ತು. ಎರಡು ಬಿಚ್ಚಿ ಆಗಿದೆ."

"ನಾನು ಇದನ್ನ ಹಾಕ್ಕೊಂಡಿದ್ದು ಒಂದೇ ವರ್ಷ. ಆಮೇಲೆ ಹೋಗ್ಬಿಟ್ಟೆ. ಯಾರು ಬಿಚ್ಚಿದ್ದು?"

"ಯಾರು ಅಂದ್ರೆ? ನಿಮ್ಮಮ್ಮ ಹೋಗಾಗಿತ್ತು, ನನಗೆ ಸೂಜಿಗೆ ದಾರ ಪೋಣಿಸೋಕೇ ಕಾಣಲ್ಲ. ಅವಳೇ ಬಿಚ್ಚಿದ್ದು." ಅಡುಗೆಮನೆ ಕಡೆಗೆ ಗದ್ದ ತೋರಿಸಿದರು. "ಮದುವೆಯಾಗಿ ಬಂದ ವರ್ಷ, ಹುಡುಗಿ ದೀಪಾವಳಿಗೆ ಬರ್ತಾಳೆ ಅಂತ ಒಂದು ಬಿಚ್ಚಿ ಇಸ್ತ್ರಿ ಮಾಡಿಟ್ಲು. ನಿಮ್ಮ ಸ್ಕೂಲಿನೋರು ಒಂದೇ ದಿನ ರಜ ಕೊಟ್ರು, ನೀನು ಬರ್ಲಿಲ್ಲ. ಮಾರನೇ ವರ್ಷ ಇನ್ನೊಂದು ಬಿಚ್ಚಿದ್ಲು."

"ಮೂರನೇದು?"

"ಮೂರನೇ ವರ್ಷ ಬೇಸಿಗೆಗೆ ನೀನು ಜೀನ್ಸ್ ಹಾಕ್ಕೊಂಡ್ ಬಂದೆ."

ಕಡುನೇರಳೆ ಪಟ್ಟೆಗಳ ಪಕ್ಕದಲ್ಲಿ ಸೂಜಿ ತೂತುಗಳ ಸಾಲು ಇನ್ನೂ ಕಾಣುತ್ತದೆ. ಬೆಳಕಿಗೆ ಹಿಡಿದರೆ ಚುಕ್ಕಿ ಚುಕ್ಕಿ. ಬಿಚ್ಚಿದವರು ಎಳೆಯನ್ನು ಎಲ್ಲೂ ಎಳೆದಿಲ್ಲ, ಒಂದೊಂದೇ ಹೊಲಿಗೆಯನ್ನು ಕತ್ತರಿಸಿ ತೆಗೆದಿದ್ದಾರೆ. ಬಟ್ಟೆಗೆ ಒಂದು ಗೀರೂ ಇಲ್ಲ.

ಆ ಪಟ್ಟೆ, ಬಿಚ್ಚಿದ್ದು ಬಿಚ್ಚದ್ದು ಸೇರಿದರೆ, ಒಂದು ಗೇಣು. ಅಳೆದೆ.

ಅಕ್ಟೋಬರ್ 16, ಗುರುವಾರ

ರಾತ್ರಿ ಅಷ್ಟಾಗಿ ನಿದ್ದೆ ಬರಲಿಲ್ಲ, ಹಾಗಂತ ಟೆನ್ಷನ್ನೂ ಇರಲಿಲ್ಲ. ತಲೆಯಲ್ಲಿ ಬರೀ ಬಟ್ಟೆಯ ಲೆಕ್ಕ.

ಹೀಗೆ: ಹಸಿರು ಲಂಗವನ್ನು ಕೆಂಪು ಅಂಚಿನ ಸ್ವಲ್ಪ ಮೇಲೆ ಅಡ್ಡಕ್ಕೆ ಕತ್ತರಿಸುವುದು. ನಡುವೆ ನೇರಳೆ ಪಟ್ಟಿ ಸೇರಿಸುವುದು. ಆಮೇಲೆ ಆ ನೇರಳೆಯನ್ನೆಲ್ಲ ಒಳಗೆ ಮಡಿಚಿ ಮೂರು ಮಡಿಕೆ. ಈ ವರ್ಷ ಹೊರಗೆ ಬರೀ ಹಸಿರು. ಉದ್ದ ಈಗಿರುವಷ್ಟೇ. ನೇರಳೆ ಕಾಣುವುದು ಬಿಚ್ಚಿದಾಗ.

ಅಡುಗೆಮನೆಗೆ ಹೋಗಿ ಹೇಳಿದೆ. ಅವರು ಕಜ್ಜಾಯದ ಪಾಕ ನೋಡುತ್ತಿದ್ದರು, ಅಪ್ಪ ಕಲಕುತ್ತಿದ್ದರು.

"ನಿಮ್ಮಮ್ಮ ಹೊಲಿದಿದ್ದು ಅದೊಂದೇ ಉಳಿದಿರೋದು ಮೈತ್ರಿ. ಕತ್ತರಿ ಹಾಕ್ಬೇಡ."

"ಟ್ರಂಕಲ್ಲಿದ್ರೆ ಯಾರಿಗೂ ಆಗಲ್ಲ."

"ನಿಂಗೆ ಆಮೇಲೆ ಬೇಜಾರಾದ್ರೆ?"

"ಅದಕ್ಕೇ ಕೇಳ್ತಿದೀನಿ."

"ಅದು ನಿಂದು. ನನ್ನ ಯಾಕೆ ಕೇಳ್ತೀಯ?"

"ಎರಡು ಮಡಿಕೆ ನಿಮ್ದಲ್ವಾ," ಅಂದೆ.

ಅವರು ಪಾಕ ನೋಡಿದರು. ಅಪ್ಪ ಕಲಕುವುದು ನಿಲ್ಲಿಸಿದರು. "ರೀ, ತಳ ಹಿಡಿಯುತ್ತೆ," ಎಂದು ಅವರು ಅಪ್ಪನನ್ನು ಬೈದರು. ಆಮೇಲೆ ಎಡಗೈಯಿಂದ ನನಗೆ ಒಂದು ಹನಿ ಪಾಕವನ್ನು ನೀರಿನ ಬಟ್ಟಲಲ್ಲಿ ಹಾಕಿ ತೋರಿಸಿದರು. "ಉಂಡೆ ಆಯ್ತಾ ನೋಡು ಸುಮ್ಮನೆ."

ಆಯಿತು ಅಂದೆ. ಉಂಡೆಯಾಗಿತ್ತು.

ಮಧ್ಯಾಹ್ನ ಕತ್ತರಿಸಿದೆ. ಚಿಕ್ಕಮ್ಮ ಈ ಸಲ ಪಕ್ಕದಲ್ಲೇ ಕೂತು ಬಟ್ಟೆಯ ತುದಿಯನ್ನು ಎಡಗೈಯಲ್ಲಿ ಹಿಡಿದಿದ್ದರು. ಕತ್ತರಿ ನೇರವಾಗಿಯೇ ಹೋಯಿತು.

ಅಕ್ಟೋಬರ್ 18, ಶನಿವಾರ

ನೇರಳೆಯ ಸುತ್ತಳತೆ ಸ್ವಲ್ಪ ಕಡಿಮೆ ಬಿತ್ತು. ಲಂಗದ ಮೇಲ್ಭಾಗದಿಂದ ಮಾಸಿದ ತುಂಡೊಂದನ್ನು ಸೇರಿಸಿದೆವು. ಒಳಗೆ ಹೋಗುವ ಜಾಗ, ಕಾಣುವುದಿಲ್ಲ. ಚಿಕ್ಕಮ್ಮ ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ, ಆಮೇಲೆ ಮಿಷನ್. ಮಡಿಕೆ ಎಲ್ಲಿ ಹಿಡಿಯಬೇಕು ಎಂದು ಚಾಕ್ ತೆಗೆದುಕೊಂಡರೆ ಅವರು, "ಗುರುತು ಇದೆಯಲ್ಲ," ಅಂದರು. ಅಮ್ಮನ ಹೊಲಿಗೆಯ ತೂತುಗಳು. ಅದರ ಮೇಲೇ ಹೊಲಿದೆ. ಸೂಜಿ ಕೆಲವು ಕಡೆ ತಾನಾಗಿಯೇ ಹಳೇ ತೂತಿಗೆ ಇಳಿಯುತ್ತಿತ್ತು.

ಗೌತಮಿ ಹಿಡಿಕೆ ತಿರುಗಿಸಿದಳು. ಇವತ್ತು ಬಸ್ಸಲ್ಲ, ಮೆಟ್ರೋ. ಅದಕ್ಕೇ ಮಾತಿಲ್ಲ.

"ಬಿಚ್ಚೋವಾಗ್ಲೂ ಇಷ್ಟೇ ನಿಧಾನ ಬೇಕು," ಅಂದರು ಚಿಕ್ಕಮ್ಮ. "ಬ್ಲೇಡ್ ಹಾಕ್ಬಾರ್ದು. ಸಣ್ಣ ಕತ್ತರಿ, ಒಂದು ಬಿಟ್ಟು ಒಂದು ಹೊಲಿಗೆ."

"ಮುಂದಿನ ವರ್ಷ ನಿಮ್ಮ ಕೈ ಸರಿಹೋಗಿರುತ್ತೆ."

"ಸರಿಹೋಗಿರುತ್ತೆ," ಅಂದರು. ಮಡಿಕೆಯ ಹೊಲಿಗೆಯನ್ನು ಬೆರಳಲ್ಲಿ ಸವರಿ, "ಆದ್ರೆ ಈ ದಾರ ಎಲ್ಲಿ ಶುರು ಮಾಡಿದೀಯ, ಎಲ್ಲಿ ಗಂಟು ಹಾಕಿದೀಯ, ನಂಗೊತ್ತಾಗಲ್ಲ."

ಅದು ನಿಜ. ಗಂಟುಗಳನ್ನು ನಾನು ಒಳಗೆ ಮುಚ್ಚಿ ಹಾಕಿದ್ದೇನೆ, ಸ್ಕೂಲಿನಲ್ಲಿ ಕಲಿಸಿದ ಹಾಗೆ. ಬೇರೆಯವರು ಬಿಚ್ಚಿದರೆ ಬಟ್ಟೆ ಹರಿಯಬಹುದು.

ಕೊನೆಗೆ ಅಜ್ಜಿ ಬೆರಳಲ್ಲಿ ಓದಿದರು. ಒಂದು, ಎರಡು, ಮೂರು. "ಹೂಂ. ಈಗ ಲಂಗ."

ಅಪ್ಪ ಕೇಳಿದರು, ಹಾಸ್ಟೆಲ್ಲಿನ ವಿಷಯ ಏನಾಯಿತು ಎಂದು. ಸೀಟು ಸಿಕ್ಕಿದೆ, ಇಪ್ಪತ್ತೊಂದರೊಳಗೆ ಹೇಳಬೇಕು ಅಂದೆ. "ನಿಂಗೆ ಹೆಂಗೆ ಸರಿ ಅನ್ಸುತ್ತೋ," ಅಂದರು. ಆಮೇಲೆ ಬಾಗಿಲವರೆಗೆ ಹೋಗಿ ವಾಪಸ್ ಬಂದು, "ನಂಗೇನು ಅನ್ಸುತ್ತೆ ಅಂತ ಕೇಳಿದ್ರೆ, ಬೇಡ ಅನ್ಸುತ್ತೆ," ಎಂದು ಹೇಳಿ ಚಪ್ಪಲಿ ಹಾಕಿಕೊಂಡು ಹಾಲು ತರಲು ಹೋದರು. ಹಾಲು ಆಗಲೇ ತಂದಾಗಿತ್ತು.

ಅಕ್ಟೋಬರ್ 20, ಸೋಮವಾರ

ಹಬ್ಬ. ಇನ್ನೂ ಬೆಳಕು ಹರಿಯುವ ಮೊದಲೇ ಅಜ್ಜಿ ಎಲ್ಲರ ನೆತ್ತಿಗೂ ಎಣ್ಣೆ ತಟ್ಟಿದರು. ನನ್ನ ತಲೆಗೆ ತಟ್ಟುವಾಗ, "ಹಾಸ್ಟೆಲ್ ಕೂದ್ಲು, ತೆಂಗಿನ ನಾರು," ಅಂದರು. ಎಣ್ಣೆ ಕಣ್ಣಿಗೆ ಇಳಿಯಿತು. ಸ್ನಾನ ಮುಗಿಸಿ ಟವೆಲ್ಲನ್ನು ಹಿತ್ತಲ ತಂತಿಗೆ ಹಾಕಿದೆ, ಗೌತಮಿಯದರ ಪಕ್ಕ.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚಿಯೇ ತೊಡಬೇಕು. ಚಿಕ್ಕಮ್ಮ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ಹೊಲಿದೋರೇ ಹಚ್ಬೇಕು." ಹಸಿರು ಲಂಗದ ಒಳಗಡೆ, ಮಡಿಕೆಯ ಹತ್ತಿರ, ನೇರಳೆಯ ಮೇಲೆ ಒಂದು ಬೆರಳು ಅರಿಶಿನ ಹಚ್ಚಿದೆ. ಆಮೇಲೆ ನೋಡಿದರೆ ಮಂಚದ ಮೇಲೆ ನನಗೂ ಒಂದು ಚೂಡಿದಾರ ಇತ್ತು. ಅದರ ಮೂಲೆಗೆ ಆಗಲೇ ಅರಿಶಿನ ಹಚ್ಚಿದ್ದರು, ಎಡಗೈಯಲ್ಲಿ ಹಚ್ಚಿದ್ದು, ಸೊಟ್ಟಗೆ. ತೋಳು ಉದ್ದವಾಯಿತು. ಹೇಳಲಿಲ್ಲ. ಮಡಚಿಕೊಂಡೆ.

ಗೌತಮಿ ಲಂಗ ತೊಟ್ಟು ಬೀದಿಯ ತುಂಬಾ ತೋರಿಸಿಕೊಂಡು ಬಂದಳು. ಪಕ್ಕದ ಮನೆಯವರಿಗೆ ಲಂಗವನ್ನು ಮೇಲೆತ್ತಿ ಒಳಗಿನ ನೇರಳೆಯನ್ನೂ ತೋರಿಸುತ್ತಿದ್ದಳು. "ಇದು ಮುಂದಿನ ವರ್ಷದ್ದು. ಇದು ಅದರ ಮುಂದಿನ ವರ್ಷದ್ದು. ಇದು ಅದರ ಮುಂದಿಂದು. ನಮ್ಮಕ್ಕ ಬಿಚ್ತಾಳೆ, ಬೇರೆ ಯಾರಿಗೂ ಬರಲ್ಲ."

ಲಂಗ ಹಾಗೆ ಎತ್ತಬಾರದು ಎಂದು ಗದರಿದೆ. ಒಂದು ಸುರುಸುರುಬತ್ತಿ ಹಚ್ಚಿಕೊಡು ಅಂದಳು. ದೂರ ಹಿಡಿ, ಬಟ್ಟೆಗೆ ಕಿಡಿ ಬಿದ್ದೀತು ಎಂದು ಅವಳ ಕೈಯನ್ನು ನಾನೇ ಹಿಡಿದುಕೊಂಡೆ. ಅಂಗೈ ಎಣ್ಣೆ ಎಣ್ಣೆ.

ಈಗ ಮಧ್ಯಾಹ್ನ. ಎಲ್ಲರೂ ಉಂಡು ಮಲಗಿದ್ದಾರೆ. ಫ್ರಿಜ್ಜಿನಿಂದ ಮೊಸರು ತೆಗೆದುಕೊಂಡು ಬಂದು ಕೂತು ಬರೆಯುತ್ತಿದ್ದೇನೆ. ಕಜ್ಜಾಯ ನಾಲ್ಕನೆಯದು. ಮೀನಾಗೆ ಕಳಿಸುವ ಮೆಸೇಜನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಎರಡು ಸಲ ಹೊಡೆದುಹಾಕಿ ಆಯಿತು, ಇದೇ ಇರಲಿ:

ಮೀನಾ, ಸಾರಿ, ಹಬ್ಬದ ದಿನ ತೊಂದರೆ ಕೊಡ್ತಿದೀನಿ. ಹಾಸ್ಟೆಲ್ ಸೀಟು ನಂಗೆ ಬಂದಿದೆ, ನೀನು ತಗೋ. ತಲೆ ಕೆಟ್ಟಿಲ್ಲ. ಮನೇಲಿ ಸ್ವಲ್ಪ ಹೊಲಿಗೆ ಕೆಲಸ ಇದೆ, ಮೂರು ವರ್ಷದ್ದು. ನಾಳೆಯೊಳಗೆ ವಾರ್ಡನ್‌ಗೆ ಹೇಳ್ಬೇಕು. ಬೇಗ ರಿಪ್ಲೈ ಮಾಡು.